ನಮ್ಮನೆ ಕಾಣುವ ತಿರುವು

ಊಟಿಗೆ ಹೋಗುವ ದಾರಿಯಲ್ಲಿ ಫೋಟೋ ತೆಗೆಯಲು ಯಾವ ಜಾಗ ಚೆನ್ನಾಗಿದೆ ಎಂದು ನನ್ನನ್ನು ಕೇಳುವವರು ಮೊದಲಿನಿಂದಲೂ ಇದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ನಾನು ಮೂವತ್ತು ವರ್ಷ ವಾಹನ ವಿಮೆಯ ಸರ್ವೇಯರ್ ಆಗಿದ್ದವನು. ಮೈಸೂರಿನ ಗಾಡಿ ಎಲ್ಲಾದರೂ ಗುದ್ದಿದರೆ, ಮಗುಚಿದರೆ, ಕಂದಕಕ್ಕೆ ಇಳಿದರೆ, ಅಲ್ಲಿಗೆ ಹೋಗಿ ಅಳತೆ ಹಿಡಿದು, ಫೋಟೋ ತೆಗೆದು, ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಇಲ್ಲಿಂದ ಊಟಿಯವರೆಗಿನ ಪ್ರತಿಯೊಂದು ತಿರುವೂ ನನಗೆ ಗೊತ್ತು. ಆದರೆ ಗೊತ್ತಿರುವುದು ನೆಲಮಟ್ಟದಲ್ಲಿ ಮಾತ್ರ. ಬ್ರೇಕಿನ ಗುರುತು ಎಲ್ಲಿಂದ ಶುರುವಾಯಿತು, ಎಲ್ಲಿ ನಿಂತಿತು, ತಡೆಗೋಡೆಯ ಎಷ್ಟು ಕಲ್ಲು ಉದುರಿತು, ಇಷ್ಟು ಹೇಳಬಲ್ಲೆ. ತಲೆ ಎತ್ತಿದರೆ ಅಲ್ಲಿ ಬೆಟ್ಟಗಳಿವೆ ಎಂದು ಬೇರೆಯವರಿಂದ ಕೇಳಿದ್ದೆ.

ನಮ್ಮ ವೃತ್ತಿಯಲ್ಲಿ ‘ಸ್ಪಾಟ್’ ಎಂಬ ಮಾತಿಗೆ ಒಂದೇ ಅರ್ಥ. ಹೊಸದಾಗಿ ಮದುವೆಯಾದವರು ಬಂದು ‘ಒಳ್ಳೇ ಸ್ಪಾಟ್ ಹೇಳಿ ಸಾರ್’ ಎಂದಾಗ ನನಗೆ ಥಟ್ಟನೆ ನೆನಪಾಗುತ್ತಿದ್ದದ್ದು ಕ್ಯಾರೆಟ್ ಲಾರಿ ಮಗುಚಿದ ಜಾಗ. ಅದನ್ನೇ ಹೇಳಿ ಕಳಿಸುತ್ತಿದ್ದೆ. ಹೋಗಿ ಬಂದವರು ‘ಸಖತ್ತಾಗಿತ್ತು ಸಾರ್’ ಎನ್ನುತ್ತಿದ್ದರು. ಅದರಲ್ಲಿ ಆಶ್ಚರ್ಯವೇನಿಲ್ಲ. ಗಾಡಿ ಬೀಳುವ ಜಾಗದಲ್ಲಿ ನೋಟ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಡ್ರೈವರ್ ರಸ್ತೆ ಬಿಟ್ಟು ಅದನ್ನೇ ನೋಡುತ್ತಿರುತ್ತಾನೆ.

ನಿವೃತ್ತನಾದ ಮೇಲೆ ಈ ಪ್ರಶ್ನೆಯನ್ನು ನನ್ನ ಅಕ್ಕನೇ ಕೇಳಿದಳು. ಅವಳದು ಮಾತ್ರ ಬೇರೆ ಥರದ ಪ್ರಶ್ನೆ. ಅವಳಿಗೆ ಬೇಕಿದ್ದದ್ದು ಒಳ್ಳೆಯ ಜಾಗವಲ್ಲ. ಒಂದು ನಿರ್ದಿಷ್ಟ ಜಾಗ. ಅದು ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ, ಇದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಅಕ್ಕನ ಮನೆ ಕುಂಬಾರಕೊಪ್ಪಲಿನಲ್ಲಿ, ನನ್ನದು ಗೋಕುಲಂನಲ್ಲಿ. ನಡುವೆ ಇಪ್ಪತ್ತು ನಿಮಿಷದ ನಡಿಗೆ. ಅಕ್ಕ ಕೋಪದಲ್ಲಿದ್ದರೆ ಹದಿಮೂರು ನಿಮಿಷ. ಭಾವ ಪ್ರವಾಸಿ ಕಾರಿನ ಡ್ರೈವರ್ ಆಗಿದ್ದರು. ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ದಿನ ಮೈಸೂರಿನಿಂದ ಊಟಿಗೆ ಜನರನ್ನು ಹತ್ತಿಸಿಕೊಂಡು ಹೋಗಿ, ಸಂಜೆಗೆ ಇಳಿಸಿಕೊಂಡು ಬರುತ್ತಿದ್ದರು. ಸೊಂಟ ಹಿಡಿದುಕೊಂಡ ಮೇಲೆ ಓಡಿಸುವುದನ್ನು ಬಿಟ್ಟರು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಅಷ್ಟು ವರ್ಷ ಓಡಿಸಿಯೂ ಒಂದೇ ಒಂದು ಕ್ಲೇಮು ಮಾಡದ ಮನುಷ್ಯ. ನಮ್ಮ ವೃತ್ತಿಯವರು ಇಂಥವರನ್ನು ಬಹಳ ಗೌರವದಿಂದ ಕಾಣುತ್ತೇವೆ.

ಅವರದು ಒಂದೇ ಒಂದು ತೊಂದರೆ. ಓಡಿಸುತ್ತಿದ್ದದ್ದು ಕಾರು, ಬಿಡುತ್ತಿದ್ದದ್ದು ರೈಲು. ಬಂಡೀಪುರದಲ್ಲಿ ಆನೆಯೊಂದು ಕಿಟಕಿಯೊಳಗೆ ಸೊಂಡಿಲು ಹಾಕಿ ಅಕ್ಕ ಕಟ್ಟಿಕೊಟ್ಟಿದ್ದ ಚಪಾತಿಯನ್ನೆಲ್ಲ ತಿಂದಿತು ಎನ್ನುವರು. ಜರ್ಮನಿಯ ದಂಪತಿ ಇವರ ಡ್ರೈವಿಂಗ್ ಮೆಚ್ಚಿ ಕೈಗಡಿಯಾರ ಬಿಚ್ಚಿ ಕೊಟ್ಟರು ಎನ್ನುವರು. ಸಿನಿಮಾ ನಟನೊಬ್ಬ ಮುಂದಿನ ಸೀಟಿನಲ್ಲಿ ಕೂತು ಊಟಿಯವರೆಗೂ ತನ್ನ ಕಷ್ಟಸುಖ ಹೇಳಿಕೊಂಡ ಎನ್ನುವರು. ಅಕ್ಕ ಬೈಯುತ್ತಾ ನಂಬುತ್ತಿದ್ದಳು, ನಂಬುತ್ತಾ ಬೈಯುತ್ತಿದ್ದಳು. ಅವರ ಸಂಸಾರ ಹಾಗೆ ಚೆನ್ನಾಗಿಯೇ ನಡೆದಿತ್ತು.

ತಿಥಿಯ ದಿನ ಹಳೆಯ ಡ್ರೈವರುಗಳು ಐದಾರು ಮಂದಿ ಬಂದರು. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತವರು, ಅಕ್ಕನಿಗೆ ಸಮಾಧಾನ ಹೇಳುವ ಉತ್ಸಾಹದಲ್ಲಿ ಭಾವನ ಕತೆಗಳನ್ನು ಒಂದೊಂದಾಗಿ ಬಿಚ್ಚಿದರು. ಚಪಾತಿ ತಿಂದದ್ದು ಕೋತಿ. ಗಡಿಯಾರ ಸಂತೇಪೇಟೆಯ ಅಂಗಡಿಯಲ್ಲಿ ಕೊಂಡದ್ದು. ನಟ ಬಂದದ್ದು ಬೇರೆಯವರ ಕಾರಿನಲ್ಲಿ, ಅದೂ ಹಿಂದಿನ ಸೀಟಿನಲ್ಲಿ, ಬಾಯಿ ತೆರೆದು ನಿದ್ದೆ ಮಾಡುತ್ತಾ. ಎಲ್ಲರೂ ನಕ್ಕರು. ಒಬ್ಬರು ಕಣ್ಣೊರೆಸಿಕೊಂಡು ‘ಎಂಥಾ ಮನ್ಸ ಕಣಮ್ಮ’ ಎಂದರು. ಅಕ್ಕ ಒಳಗೆ ಹೋಗಿ ಎಲ್ಲರಿಗೂ ಇನ್ನೊಂದೊಂದು ವಡೆ ತಂದುಕೊಟ್ಟಳು. ಅವಳ ಮುಖ ನೋಡಿದವನು ನಾನೊಬ್ಬನೇ.

ಆ ಡ್ರೈವರುಗಳು ಮುಟ್ಟದೆ ಉಳಿಸಿದ ಕತೆ ಒಂದೇ ಒಂದು. ಅದನ್ನು ಭಾವ ಬಹುಶಃ ಮನೆಯಲ್ಲಿ ಮಾತ್ರ ಹೇಳುತ್ತಿದ್ದರು. ಘಾಟಿಯಲ್ಲಿ ಒಂದು ತಿರುವಿದೆ. ಅಂಥ ನೋಟ ಇನ್ನೆಲ್ಲೂ ಇಲ್ಲ. ಯಾತ್ರಿಕರೆಲ್ಲ ಇಳಿದು ಫೋಟೋ ತೆಗೆದುಕೊಳ್ಳುತ್ತಾರೆ, ವಟವಟ ಎನ್ನುತ್ತಿದ್ದವರೂ ಸುಮ್ಮನಾಗುತ್ತಾರೆ. ಮತ್ತು ಅಲ್ಲಿಂದ ನಮ್ಮನೆ ಕಾಣುತ್ತದೆ.

ಒಂದು ದಿನ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಹೇಳುತ್ತಲೇ ಇದ್ದರು. ಸೀಸನ್ ಇದ್ದಾಗ ಕಾರು ಬಾಡಿಗೆಗೆ ಹೋಗುತ್ತಿತ್ತು, ಸೀಸನ್ ಇಲ್ಲದಾಗ ಷೆಡ್ಡಿಗೆ ಹೋಗುತ್ತಿತ್ತು. ಒಮ್ಮೆ ಅಕ್ಕ ಪುಳಿಯೋಗರೆ ಕಟ್ಟಿಕೊಂಡು ಹೊಸ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ ಕೊನೇ ಗಳಿಗೆಯಲ್ಲಿ ಯಾವುದೋ ಪಾರ್ಟಿ ಬಂತು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಊಟಿಗೆ ಅರ್ಧ ದಿನದ ದಾರಿಯಲ್ಲಿ ಹುಟ್ಟಿ ಬೆಳೆದು, ಊಟಿಯ ಡ್ರೈವರನನ್ನೇ ಕಟ್ಟಿಕೊಂಡು, ಊಟಿ ನೋಡದ ಹೆಂಗಸು ಮೈಸೂರಿನಲ್ಲಿ ಇವಳೊಬ್ಬಳೇ ಇರಬೇಕು.

ಕಳೆದ ವರ್ಷ ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟ ಸದ್ದಿನಲ್ಲೇ ಹದಿಮೂರು ನಿಮಿಷದಲ್ಲಿ ಬಂದದ್ದು ಗೊತ್ತಾಯಿತು.

‘ಆ ತಿರುವು ಹುಡುಕ್ಬೇಕು ಕಣೋ’ ಎಂದಳು.

‘ಅಕ್ಕ, ಘಾಟಿಯಿಂದ ಇಲ್ಲಿಗೆ ಎಷ್ಟು ದೂರ ಗೊತ್ತಾ? ಮನೆ ಕಾಣಲ್ಲ’ ಎಂದೆ.

‘ನೀನ್ ನೋಡಿದ್ದೀಯಾ?’

‘ನಾನ್ ಮೇಲಕ್ಕೆ ನೋಡಿಲ್ಲ.’

‘ಅಂಗಾದ್ರೆ ಬಾಯ್ ಮುಚ್ಕೊಂಡು ಗಾಡಿ ತೆಗಿ. ಮೂವತ್ತೆಂಟು ವರ್ಷ ಸಂಸಾರ ಮಾಡಿವ್ನಿ. ಮನುಷ್ಯನ ಜೊತೆ ಮಾಡುದ್ನಾ, ಬರೀ ಕತೆ ಜೊತೆ ಮಾಡುದ್ನಾ ಅಂತ ಗೊತ್ತಾಗ್ಬೇಕಲ್ವಾ? ಒಂದಾದ್ರೂ ನಿಜ ಇರ್ಬೇಕು. ಕಂಡ್ರೆ ನೀನು ಫೋಟೋ ತೆಗೀಬೇಕು. ದೊಡ್ಡದು ಮಾಡ್ಸಿ ಹಾಲಲ್ಲಿ ಹಾಕ್ತೀನಿ. ಆಮೇಲೆ ಆ ಡ್ರೈವರ್‌ಗಳ್ನೆಲ್ಲ ಕರ್ದು ಕಾಫಿ ಕೊಡ್ತೀನಿ.’

‘ಕಾಣ್ದೇ ಇದ್ರೆ?’

ಅಕ್ಕ ತಿರುಗಿ ಚಪ್ಪಲಿ ಮೆಟ್ಟಿಕೊಂಡಳು. ಕೇಳಬಾರದಿತ್ತು ಎನ್ನಿಸಿ ನನಗೇ ಬೇಜಾರಾಯಿತು.

ನಮ್ಮ ಮಹಡಿಯ ಮೇಲೆ ಯೋಗ ಕಲಿಯಲು ಬಂದ ವಿದೇಶಿ ಹೆಣ್ಣುಮಗಳೊಬ್ಬಳು ಬಾಡಿಗೆಗಿದ್ದಾಳೆ. ಅವಳು ಆ ದಾರಿಯಲ್ಲಿ ಮೂರು ಸಲ ಹೋಗಿ ಬಂದಿದ್ದಳು. ವಿಷಯ ಪೂರ್ತಿ ಹೇಳದೆ, ಒಳ್ಳೆಯ ನೋಟ ಸಿಗುವ ಜಾಗ ಬೇಕು ಎಂದಷ್ಟೇ ಕೇಳಿದೆ. ಫೋನಿನಲ್ಲಿ ಏಳು ಜಾಗಗಳ ಪಟ್ಟಿ ಕಳಿಸಿದಳು. ಪ್ರತಿಯೊಂದರ ಮುಂದೆ ನಕ್ಷತ್ರಗಳು. ಜೊತೆಗೆ ಪಾಠವನ್ನೂ ಹೇಳಿದಳು. ಬೆಳಕು ಪಕ್ಕದಿಂದ ಬೀಳಬೇಕು, ಮುಂದೆ ಒಂದು ಮರವೋ ಕಲ್ಲೋ ಇರಬೇಕು, ಹಿಂದೆ ಬೆಟ್ಟಗಳು ಪದರ ಪದರವಾಗಿ ಇರಬೇಕು, ಅವಸರ ಮಾಡಬಾರದು. ನಾನು ನಮ್ಮಲ್ಲಿ ನಾಲ್ಕು ದಿಕ್ಕಿನಿಂದಲೂ ತೆಗೆಯುತ್ತೇವೆ ಎಂದೆ. ಅವಳಿಗೆ ಅದು ಬಹಳ ಆಳವಾದ ಮಾತಾಗಿ ಕೇಳಿಸಿತು. ಪುಸ್ತಕದಲ್ಲಿ ಬರೆದುಕೊಂಡಳು.

ಒಂದು ಮಂಗಳವಾರ ಆರೂವರೆಗೆ ಹೊರಟೆವು. ನನ್ನ ಹೆಂಡತಿಗೆ ಘಾಟಿ ಎಂದರೆ ವಾಂತಿ, ಅವಳು ಬರಲಿಲ್ಲ. ಅಕ್ಕ ಮುಂದಿನ ಸೀಟಿನಲ್ಲಿ ಕೂತಳು. ಮಡಿಲಲ್ಲಿ ಚಿತ್ರಾನ್ನದ ಡಬ್ಬಿ, ಕಾಲ ಹತ್ತಿರ ಸ್ಟೀಲಿನ ಕ್ಯಾನಿನಲ್ಲಿ ನೀರು. ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು, ಚಟ್ನಿಗೆ ಹುರಿಗಡಲೆ ಜಾಸ್ತಿ ಹಾಕಿದ್ದಾರೆ ಎಂದಳು. ಅಲ್ಲಿಂದ ಮುಂದೆ ಮಾತಾಡಿದವನು ನಾನು.

ತಪ್ಪು ನನ್ನದೇ. ದಾರಿ ಬಾಯಿಗೆ ಬರುತ್ತದೆ. ‘ಇಲ್ಲಿ ಒಂದು ಟಿಪ್ಪರ್ ಅಕ್ಕ, ಹಿಂದಿನ ಆಕ್ಸೆಲ್ ಮುರ್ದು’ ಎಂದೆ. ಸ್ವಲ್ಪ ಮುಂದೆ ‘ಇಲ್ಲಿ ಮದುವೆ ದಿಬ್ಬಣದ ಬಸ್ಸು, ಯಾರಿಗೂ ಏನೂ ಆಗ್ಲಿಲ್ಲ, ಪಾತ್ರೆ ಮಾತ್ರ ಎಲ್ಲಾ ನುಗ್ಗಾಗಿತ್ತು’ ಎಂದೆ. ಅವಳಿಗೆ ಬೇಸರ ಬಾರದಿರಲಿ ಎಂದೇ ಹೇಳಿದ್ದು. ಬಂಡೀಪುರದ ಗೇಟಿನ ಹತ್ತಿರ ಅಕ್ಕ ‘ನೀನು ಬಿದ್ದಿರೋ ಗಾಡಿ ತೋರ್ಸೋಕೆ ಕರ್ಕೊಂಡ್ ಬಂದ್ಯಾ?’ ಎಂದಳು. ಬಾಯಿ ಮುಚ್ಚಿಕೊಂಡೆ.

ಮಸಿನಗುಡಿ ದಾಟಿ ಪಟ್ಟಿಯ ಮೊದಲ ಜಾಗಕ್ಕೆ ಬಂದೆವು. ಕಲ್ಲು ಇತ್ತು, ಮರ ಇತ್ತು, ಬೆಟ್ಟ ಪದರ ಪದರವಾಗಿ ಇತ್ತು. ಮುಂದೆ ಹನ್ನೆರಡು ಕಾರುಗಳೂ ಇದ್ದವು. ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಳ್ಳುವ ಜೋಡಿಯೊಂದು ಬಂದಿತ್ತು. ಹೆಣ್ಣು ಕೆಂಪು ಗೌನು ಹಾಕಿಕೊಂಡಿದ್ದಳು, ಅದರ ಬಾಲ ರಸ್ತೆಯ ಅರ್ಧ ಅಗಲಕ್ಕಿತ್ತು. ಅದನ್ನು ಗಾಳಿಗೆ ಹಾರಿಸಲು ಇಬ್ಬರು, ಕೆಳಗೆ ಬೀಳುವಷ್ಟರಲ್ಲಿ ಫ್ರೇಮಿನಿಂದ ಓಡಿ ಹೋಗಲು ಅದೇ ಇಬ್ಬರು. ಇನ್ನೊಬ್ಬ ನೇರಳೆ ಬಣ್ಣದ ಹೊಗೆ ಬಿಡುತ್ತಿದ್ದ. ಹೊಗೆಯಲ್ಲಿ ಬೆಟ್ಟ ಕಾಣಿಸುತ್ತಿರಲಿಲ್ಲ. ಅಕ್ಕ ನೋಡಿ ‘ಇಷ್ಟ್ ದೂರ ಬಂದು ಬೆಟ್ಟ ಮುಚ್ತಾವ್ರಲ್ಲೋ’ ಎಂದಳು.

ಎರಡನೆಯ ಜಾಗ, ಮೂರನೆಯ ಜಾಗ ಹೀಗೆಯೇ. ಎಲ್ಲೂ ಮೈಸೂರಿನ ದಿಕ್ಕು ಕಾಣುತ್ತಿರಲಿಲ್ಲ. ಆದರೂ ಬಂದದ್ದಕ್ಕೆ ಇರಲಿ ಎಂದು ಪ್ರತಿ ಕಡೆಯೂ ಇಳಿದು ನಾಲ್ಕು ನಾಲ್ಕು ಫೋಟೋ ತೆಗೆದೆ. ಮೂರನೆಯ ಕಡೆ ಅಕ್ಕ ಕ್ಯಾಮೆರಾ ಇಸಿದುಕೊಂಡು ನೋಡಿದಳು.

‘ಇದೇನೋ, ಎಲ್ಲಾದ್ರಲ್ಲೂ ಕಿಲೋಮೀಟರ್ ಕಲ್ಲು, ಇಲ್ಲಾ ಕಂಬ?’

ನೋಡಿದರೆ ನಿಜ. ಮೊದಲ ಜಾಗದಲ್ಲಿ ಬೆಟ್ಟದ ಕೆಳಗೆ ಎಡಮೂಲೆಯಲ್ಲಿ ಕಿಲೋಮೀಟರ್ ಕಲ್ಲು. ಎರಡನೆಯದರಲ್ಲಿ ಕಲ್ಲು ಸಿಗದೆ ವಿದ್ಯುತ್ ಕಂಬ, ಅದರ ನಂಬರು ಓದುವಷ್ಟು ಸ್ಪಷ್ಟವಾಗಿ. ನಮ್ಮ ಕೆಲಸದಲ್ಲಿ ಫೋಟೋದೊಳಗೆ ಅಲುಗಾಡದ ಒಂದು ಗುರುತು ಇರಲೇಬೇಕು. ಇಲ್ಲದಿದ್ದರೆ ನಾಳೆ ಕೋರ್ಟಿನಲ್ಲಿ ವಕೀಲರು ಎದ್ದು ನಿಂತು ಇದು ಅದೇ ಜಾಗ ಎನ್ನುವುದಕ್ಕೆ ಏನು ಪುರಾವೆ ಎಂದು ಕೇಳುತ್ತಾರೆ. ಇದನ್ನು ಅಕ್ಕನಿಗೆ ವಿವರಿಸಿದೆ.

‘ಬೆಟ್ಟ ಅಲುಗಾಡ್ತದಾ?’ ಎಂದಳು.

ಕ್ಯಾಮೆರಾ ಇಸಿದುಕೊಂಡು ಚೀಲಕ್ಕೆ ಹಾಕಿದೆ. ಉಳಿದ ನಾಲ್ಕು ಜಾಗಗಳನ್ನು ಬಿಟ್ಟು, ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಿ, ವರದಿ ಬರೆಯುವ ಮೊದಲು ಸಾಕ್ಷಿಗಳನ್ನು ಕೇಳುವಂತೆ ಅಕ್ಕನನ್ನು ಕೇಳಿದೆ. ಆ ಜಾಗದ ಬಗ್ಗೆ ಭಾವ ಹೇಳಿದ್ದನ್ನೆಲ್ಲ ಹೇಳು, ರೈಲು ಅನ್ನಿಸಿದ್ದನ್ನೂ ಬಿಡಬೇಡ ಎಂದೆ.

ಅಕ್ಕ ಯೋಚಿಸಿ ಯೋಚಿಸಿ ಹೇಳಿದಳು. ‘ಘಾಟಿ ಹತ್ತುವಾಗ ಸಿಗೋದಂತೆ, ಇಳೀವಾಗ ಅಲ್ಲ. ಅಲ್ಲಿ ಬಂಡೆಯಿಂದ ನೀರು ಬರ್ತಿತ್ತಂತೆ. ಜನ ಎಲ್ಲಾ ಫೋಟೋ ತಗಳೋವರ್ಗೂ ಇವರು ಮುಖ ತೊಳ್ಕಂಡು, ಬಾನೆಟ್ ತೆಗ್ದು ಒರ್ಸ್ಕೊಂಡು ಇರೋರಂತೆ. ಹತ್ತು ನಿಮಿಷ ಅಂತ ಹೇಳಿ ಅರ್ಧ ಗಂಟೆ ನಿಲ್ಲುಸ್ತಿದ್ರಂತೆ. ಜನಕ್ಕೆ ಅಷ್ಟು ಇಷ್ಟ ಆಗ್ಬುಡ್ತಿತ್ತಂತೆ.’

‘ಬಾನೆಟ್ ಯಾಕೆ ತೆಗೀತಿದ್ರು?’

‘ಒರ್ಸೋಕೆ ಅಂದ್ನಲ್ಲ.’

‘ಬಾನೆಟ್ ಒರೆಸೋಕೆ ಬಾನೆಟ್ ತೆಗೀಬೇಕಾಗಿಲ್ಲ ಅಕ್ಕ.’

ಅಷ್ಟು ಹೇಳುವಾಗಲೇ ನನಗೆ ಎಲ್ಲ ಗೊತ್ತಾಗಿಹೋಯಿತು. ನನ್ನ ವರದಿಗಳಲ್ಲಿ ಎಷ್ಟೋ ಸಲ ನಾನೇ ಬರೆದ ಸಾಲು ಅದು: ಎಂಜಿನ್ ಕಾದ ಕಾರಣ ವಾಹನವನ್ನು ರಸ್ತೆಬದಿಯಲ್ಲಿ ನಿಲ್ಲಿಸಲಾಗಿತ್ತು. ಆ ಕಾಲದ ಕಾರುಗಳು ಐದು ಜನರನ್ನೂ ಮೇಲೆ ಅಷ್ಟು ಲಗೇಜನ್ನೂ ಹೊತ್ತು ಆ ಏರು ಹತ್ತುವಾಗ ಅರ್ಧ ದಾರಿಗೆ ಕುದಿಯುತ್ತಿದ್ದವು. ರೇಡಿಯೇಟರಿಗೆ ನೀರು ಹುಯ್ದು ಆರಲು ಬಿಡಬೇಕು. ಆದರೆ ಗಾಡಿ ಕುದಿಯಿತು ಎಂದು ಬಾಡಿಗೆ ಕೊಟ್ಟವರ ಮುಂದೆ ಯಾವ ಡ್ರೈವರ್ ಹೇಳುತ್ತಾನೆ? ಭಾವ ಹೇಳುವವರೇ ಅಲ್ಲ. ಅವರು ನಿಲ್ಲಿಸಿ, ಇಳಿದು, ಬಾಗಿಲು ತೆರೆದು, ಕೈ ಚಾಚಿ ‘ವ್ಯೂ ಪಾಯಿಂಟ್’ ಎಂದಿರುತ್ತಾರೆ.

ಇದನ್ನು ಅಕ್ಕನಿಗೆ ಹೇಳಲೋ ಬೇಡವೋ ಎಂದು ತೂಗಿ ಕೊನೆಗೆ ಹೇಳಿದೆ. ಅವಳು ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳ ಒತ್ತಿ ಭದ್ರ ಮಾಡಿದಳು. ‘ಅಂದ್ರೆ ಗಾಡಿ ಕೆಟ್ಟ ಜಾಗ’ ಎಂದಳು.

‘ಕೆಟ್ಟದ್ದಲ್ಲ. ಕಾದದ್ದು.’

‘ಅದನ್ನೂ ನಂಗೆ ಚೆಂದ ಮಾಡಿ ಹೇಳುದ್ರು.’ ದನಿ ಸಣ್ಣದಾಗಿತ್ತು. ‘ನಡಿ, ಬಂದಿದ್ದೀವಿ. ಅದ್ನಾದ್ರೂ ನೋಡ್ಬುಟ್ಟು ಹೋಗಾನ.’

ಹುಡುಕುವುದು ಈಗ ಸುಲಭವಾಗಬೇಕಿತ್ತು. ಗಾಡಿ ಎಲ್ಲಿ ಕುದಿಯುತ್ತದೋ ಅಲ್ಲಿ ನಿಲ್ಲಿಸಿದರಾಯಿತು. ಆದರೆ ನನ್ನ ಕಾರು ಕಳೆದ ವರ್ಷ ಕೊಂಡದ್ದು. ಅದರ ಉಷ್ಣತೆಯ ಮುಳ್ಳು ಮಧ್ಯದಲ್ಲಿ ನಿಂತರೆ ಮೈಸೂರಿನಲ್ಲೂ ಅಷ್ಟೇ, ಮಸಿನಗುಡಿಯಲ್ಲೂ ಅಷ್ಟೇ. ಏಸಿಯನ್ನು ಪೂರ್ತಿ ಹಾಕಿದೆ. ಬೇಕೆಂದೇ ಕೆಳಗಿನ ಗೇರಿನಲ್ಲಿ ಕಿರುಚಿಸಿದೆ. ಹಿಂದಿನವರು ಹಾರನ್ ಹೊಡೆದು, ದಾಟಿಕೊಂಡು ಹೋಗುತ್ತಾ ನನ್ನ ವಯಸ್ಸಿನ ಬಗ್ಗೆ ಏನೋ ಹೇಳಿದರು. ಮುಳ್ಳು ಅಲುಗಾಡಲಿಲ್ಲ. ಮೂವತ್ತು ವರ್ಷ ಗಾಡಿ ಕಾಯಿಸಬೇಡಿ ಎಂದು ಜನರಿಗೆ ಬುದ್ಧಿ ಹೇಳಿದವನು ಅರ್ಧ ಗಂಟೆ ನನ್ನದೇ ಗಾಡಿ ಕಾಯಿಸಲು ಹೆಣಗಿ ಸೋತೆ.

ಆಮೇಲೆ ಬುದ್ಧಿ ಬಂತು. ನೆಲ ನೋಡುವುದು ಬಿಟ್ಟು ನನಗೆ ಬೇರೆ ವಿದ್ಯೆ ಗೊತ್ತಿಲ್ಲ, ಅದನ್ನೇ ಮಾಡೋಣ ಎಂದು ನಿಧಾನಕ್ಕೆ ಓಡಿಸುತ್ತಾ ರಸ್ತೆಯಂಚು ನೋಡಿಕೊಂಡು ಹೋದೆ. ಏರಿನಲ್ಲಿ ಗಾಡಿ ನಿಲ್ಲಿಸಿದರೆ ಡ್ರೈವರುಗಳು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಹೊರಡುವಾಗ ಆ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಅಂಥ ಕಲ್ಲಿಗೆ ಸ್ಕೂಟರ್ ಹತ್ತಿಸಿ ಬಿದ್ದವರ ಫೈಲುಗಳು ನನ್ನಲ್ಲಿ ಒಂದು ಕಪಾಟು ತುಂಬ ಇದ್ದವು. ಒಂದು ಕಡೆ ನಿಂತ ಗಾಡಿ ಒಂದೆರಡು ಕಲ್ಲು ಬಿಟ್ಟು ಹೋಗುತ್ತದೆ. ದಿನಾ ಗಾಡಿ ನಿಂತ ಕಡೆ ಕಲ್ಲು ಗುಡ್ಡೆಯಾಗಬೇಕು.

ಎಷ್ಟನೆಯ ತಿರುವು ಎಂದು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ನೇರಳೆ ಹೊಗೆ ಅಲ್ಲಿಗೂ ಬರುತ್ತದೆ. ತಿರುವು ಕಳೆದು ರಸ್ತೆ ಸ್ವಲ್ಪ ಅಗಲವಾದ ಕಡೆ, ತಡೆಗೋಡೆಯ ಬುಡದಲ್ಲಿ, ಪಾಚಿ ಕಟ್ಟಿದ ಕಲ್ಲುಗಳ ಸಾಲು. ಎಲ್ಲ ತೆಂಗಿನಕಾಯಿಯಷ್ಟು ಗಾತ್ರದವು. ಕೆಲವಕ್ಕೆ ಒಂದು ಮಗ್ಗುಲಲ್ಲಿ ಟೈರು ಉಜ್ಜಿದ ಕಪ್ಪು ಇನ್ನೂ ಇತ್ತು. ಎದುರಿಗೆ ಬಂಡೆಯ ಸಂದಿನಿಂದ ಸಣ್ಣಗೆ ನೀರು ಇಳಿಯುತ್ತಿತ್ತು. ಯಾರೋ ಅದಕ್ಕೆ ಪೈಪಿನ ತುಂಡು ಸಿಕ್ಕಿಸಿದ್ದರು. ಪಕ್ಕದಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಒಬ್ಬ ಹೆಂಗಸು ಚಹಾ ಮಾರುತ್ತಿದ್ದಳು. ಬೇರೆ ಒಂದು ಗಾಡಿಯೂ ಇರಲಿಲ್ಲ. ಗಾಡಿ ಕಾಯುವುದು ನಿಂತ ಮೇಲೆ ಅಲ್ಲಿ ನಿಲ್ಲಿಸಲು ಯಾರಿಗೂ ಕಾರಣವಿಲ್ಲ.

‘ಇದೇ’ ಎಂದೆ. ಚಕ್ರಕ್ಕೆ ಕಲ್ಲು ಕೊಟ್ಟು ಇಳಿದೆ. ಬ್ರೇಕು ಚೆನ್ನಾಗಿದೆ, ಆದರೂ ಕೊಟ್ಟೆ.

ಬೆಟ್ಟದ ಕಡೆ ತಿರುಗಿದರೆ ನೋಟ ನಿಜವಾಗಿಯೂ ಚೆನ್ನಾಗಿತ್ತು. ಮೇಲಿನ ಶಿಖರದ ಮೇಲೆ ಮೋಡ ಕೂತಿತ್ತು, ಬಿಸಿಲು ಪಕ್ಕದಿಂದ ಬೀಳುತ್ತಿತ್ತು, ಸಿಲ್ವರ್ ಓಕ್ ಮರಗಳು ಸಾಲಾಗಿ ನಿಂತಿದ್ದವು. ವಿದೇಶಿ ಹೆಣ್ಣುಮಗಳ ಪಾಠಕ್ಕೆ ಸರಿಯಾಗಿ ಎಲ್ಲ ಇತ್ತು. ಅಕ್ಕ ಆ ಕಡೆ ನೋಡಲೇ ಇಲ್ಲ. ನೇರ ತಡೆಗೋಡೆಯ ಹತ್ತಿರ ಹೋಗಿ ಇನ್ನೊಂದು ಕಡೆ, ಕೆಳಗೆ, ಬಂದ ದಾರಿಯ ಕಡೆ ನೋಡಿದಳು. ಕಾಡು, ಕಾಡಿನ ನಡುವೆ ಒಂದೆರಡು ಕೆರೆ, ಅದರಾಚೆ ಬಯಲು, ಬಯಲಿನಾಚೆ ಬಿಳಿ ಮಬ್ಬು. ಮಬ್ಬಿನಾಚೆ ಏನೂ ಇಲ್ಲ.

ಚಹಾ ಹೆಂಗಸು ಎರಡು ಲೋಟ ತಂದಳು. ಅವಳ ಕನ್ನಡದಲ್ಲಿ ತಮಿಳು ಅರ್ಧ. ಕನ್ನಡವನ್ನು ಇಲ್ಲಿ ನಿಲ್ಲುತ್ತಿದ್ದ ಡ್ರೈವರುಗಳಿಂದಲೇ ಕಲಿತದ್ದಂತೆ. ಮೊದಲೆಲ್ಲ ಇಲ್ಲಿ ಸಾಲಾಗಿ ಗಾಡಿ ನಿಲ್ಲುತ್ತಿದ್ದವು, ರಸ್ತೆಯಲ್ಲಿ ಬಿಟ್ಟು ಹೋದ ಕಲ್ಲುಗಳನ್ನು ಹೆಕ್ಕಿ ಗೋಡೆಯ ಬುಡಕ್ಕೆ ಹಾಕಿದ್ದು ತಾನೇ ಎಂದಳು. ಅಕ್ಕ ಭಾವನ ಗುರುತು ಹೇಗೆ ಹೇಳಿದರೂ ಅವಳಿಗೆ ನೆನಪಾಗಲಿಲ್ಲ. ಬಿಳಿ ಕಾರು, ಖಾಕಿ ಅಂಗಿ, ಮೀಸೆ. ‘ಎಲ್ಲಾರೂ ಅಂಗೇ ಇದ್ರಮ್ಮ’ ಎಂದಳು.

ಅಕ್ಕ ಲೋಟ ಗೋಡೆಯ ಮೇಲಿಟ್ಟು ಕೇಳಿಯೇಬಿಟ್ಟಳು. ‘ಇಲ್ಲಿಂದ ಮೈಸೂರು ಕಾಣ್ತದಂತಲ್ಲ, ನಿಜವಾ?’

‘ಮೈಸೂರು ಡ್ರೈವರು ಎಲ್ಲಾ ಅದೇ ಸೊಲ್ಲೋರು. ಬಂದವರು ಬೆಟ್ಟ ನೋಡಿ ಪೋಟೋ ಎಡುಪ್ಪಾರು. ಡ್ರೈವರು ನೀರು ಊಯ್ದು ಈ ಗೋಡೆ ಮೇಲೆ ಕೂತು ಆ ಕಡೆ ನೋಡೋರು. ಅಗೋ ನಮ್ಮೂರು, ಅಗೋ ನಮ್ಮೂರು ಅನ್ನೋರು.’

‘ನಿಮ್ಗೆ ಕಂಡಿತ್ತಾ?’

‘ಇಲ್ಲಮ್ಮ’ ಎಂದಳು ಅವಳು. ‘ನಮ್ಮೂರು ಆ ಕಡೆ ಅಲ್ಲವಲ್ಲ. ನಮ್ಮೂರು ಕೊಯಮತ್ತೂರು ಕಡೆ.’

ಇಷ್ಟು ಹೇಳಿ ಅವಳು ಒಲೆ ನೋಡಲು ಹೋದಳು. ನಾನು ಕ್ಯಾಮೆರಾದ ಜೂಮ್ ಪೂರ್ತಿ ಎಳೆದು ನೋಡಿದೆ. ಬಿಳಿ. ಎಡಕ್ಕೆ ಸರಿಸಿ ನೋಡಿದೆ, ಬಲಕ್ಕೆ ಸರಿಸಿ ನೋಡಿದೆ. ಕನಿಷ್ಠ ಚಾಮುಂಡಿ ಬೆಟ್ಟದ ಒಂದು ಗೆರೆಯಾದರೂ ಸಿಗಲಿ ಎಂದು ನನಗೂ ಆಸೆಯಾಗಿತ್ತು. ಅಕ್ಕನಿಗಾಗಿ ಅಷ್ಟು ಆಸೆಪಟ್ಟು ಯಾವುದನ್ನೂ ನಾನು ಹುಡುಕಿದವನಲ್ಲ.

‘ಕಾಣ್ತದೇನೋ?’

‘ಇಲ್ಲ ಕಣಕ್ಕ.’

ಅವಳು ತಲೆಯಾಡಿಸಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಭಾವ ಕೂತಿರಬಹುದಾದ ಗೋಡೆಯ ಮೇಲೆ ಸೀರೆಯ ಸೆರಗು ಹಾಸಿ ಕೂತಳು. ‘ಈಗ ಗಂಟೆ ಎಷ್ಟು?’ ಎಂದಳು.

‘ಹನ್ನೊಂದೂ ಹತ್ತು.’

‘ಅವರೂ ಆರೂವರೆಗೇ ಮನೆ ಬಿಡೋರು’ ಎಂದಳು. ‘ಇಲ್ಲಿಗೆ ಹನ್ನೊಂದಕ್ಕೇ ಬರ್ತಿದ್ರು ಅನ್ಸುತ್ತೆ. ರಾತ್ರಿ ಊಟಕ್ಕೆ ಕೂತಾಗ ನಾನು ಕೇಳ್ತಿದ್ದೆ, ಇವತ್ತು ಅಲ್ಲಿಂದ ಏನ್ ಕಾಣುಸ್ತು ಅಂತ. ರೇಗ್ಸೋಕೆ ಕೇಳ್ತಿದ್ದೆ. ನೀನು ಮಹಡಿ ಮೇಲೆ ಬಟ್ಟೆ ಒಣಗಾಕ್ತಿದ್ದೆ ಅನ್ನೋರು. ಒಂದ್ ದಿನ ನೀಲಿ ಸೀರೆ ಅನ್ನೋರು, ಇನ್ನೊಂದ್ ದಿನ ಬೆಡ್‌ಶೀಟು, ಒಬ್ಳೇ ಹಿಂಡೋಕಾಗ್ದೆ ಒದ್ದಾಡ್ತಿದ್ದೆ ಅನ್ನೋರು. ಇನ್ನೆಷ್ಟ್ ರೈಲ್ ಬಿಡ್ತೀರಿ ಅಂತ ಬೈತಿದ್ದೆ.’

ಗೋಡೆಯ ಮೇಲಿಟ್ಟಿದ್ದ ಲೋಟ ಎತ್ತಿಕೊಂಡು ಮತ್ತೆ ಹೇಳಿದಳು. ‘ನಾನ್ ಬಟ್ಟೆ ಒಣಗಾಕೋದು ಹನ್ನೊಂದು ಗಂಟೆಗೇ ಕಣೋ. ನಲ್ಲಿ ನೀರು ಬರೋದೇ ಒಂಬತ್ತಕ್ಕೆ. ಒಗ್ದು ಮೇಲಕ್ಕೆ ತಗೊಂಡ್ ಹೋಗೋಷ್ಟರಲ್ಲಿ ಹನ್ನೊಂದು. ಬೆಡ್‌ಶೀಟು ನಂಗೊಬ್ಳಿಗೆ ಹಿಂಡೋಕೆ ಆಗ್ತಿರ್ಲಿಲ್ಲ, ಅದೂ ನಿಜವೇ. ನಾನ್ಯಾವತ್ತೂ ಅವರಿಗೆ ಹೇಳಿರ್ಲಿಲ್ಲ. ಅವರಿಗೆಂಗೋ ಗೊತ್ತಾಯ್ತು?’

ಸೀಸನ್ ಇಲ್ಲದ ತಿಂಗಳುಗಳಲ್ಲಿ ಭಾವ ಮನೆಯಲ್ಲೇ ಇರುತ್ತಿದ್ದರಲ್ಲ, ಆಗ ನೋಡಿರುತ್ತಾರೆ ಎಂದು ನಾನು ಹೇಳಬಹುದಿತ್ತು. ಅದು ಸರಿಯಾದ ಉತ್ತರವೂ ಹೌದು. ವರದಿಯಾಗಿದ್ದರೆ ಹಾಗೆಯೇ ಬರೆಯುತ್ತಿದ್ದೆ.

‘ಗೊತ್ತಿಲ್ಲ ಅಕ್ಕ’ ಎಂದೆ.

‘ತೆಗಿ ಫೋಟೋ’ ಎಂದಳು.

ನಾನು ಬೆಟ್ಟದ ಕಡೆ ತಿರುಗಿದೆ. ಅಕ್ಕ ನನ್ನ ಭುಜ ಹಿಡಿದು ಮಬ್ಬಿನ ಕಡೆ ತಿರುಗಿಸಿದಳು. ಅಲ್ಲಿ ಮುಂದೆ ಕಲ್ಲಿಲ್ಲ, ಮರವಿಲ್ಲ, ಪದರವಿಲ್ಲ, ಗುರುತು ಹೇಳಲು ಒಂದು ಕಂಬವೂ ಇಲ್ಲ. ಕೆಳಗೆ ಒಂದು ಎಳೆ ಬಯಲು, ಉಳಿದದ್ದೆಲ್ಲ ಬಿಳಿ. ಒಂದೇ ಒಂದು ತೆಗೆದೆ. ಆಮೇಲೆ ಅಲ್ಲೇ ಕೂತು ಚಿತ್ರಾನ್ನ ತಿಂದೆವು. ಅಕ್ಕ ಚಹಾ ಹೆಂಗಸಿಗೂ ಕೊಟ್ಟಳು. ಊಟಿ ಇನ್ನೂ ಮುಕ್ಕಾಲು ಗಂಟೆಯ ದಾರಿ, ನೋಡಿಕೊಂಡು ಹೋಗೋಣ ಎಂದೆ. ಅಕ್ಕ ಅದನ್ನೇನು ನೋಡೋದು ಎಂದಳು. ಆದರೆ ಹೊರಗಿನ ಗಾಡಿಗಳು ಆ ಘಾಟಿಯಲ್ಲಿ ಹತ್ತಬಹುದು, ಇಳಿಯುವಂತಿಲ್ಲ. ಹಾಗಾಗಿ ಅವಳು ಊಟಿಯನ್ನು ನೋಡಬೇಕಾಯಿತು.

ಫೋಟೋ ದೊಡ್ಡದು ಮಾಡಿಸಲು ಒಂಟಿಕೊಪ್ಪಲಿನ ಒಂದು ಸ್ಟುಡಿಯೋಗೆ ಕೊಟ್ಟೆ. ಮಾರನೆಯ ದಿನ ಅವರೇ ಫೋನ್ ಮಾಡಿ, ‘ಸಾರ್, ತಪ್ಪು ಫೈಲ್ ಕಳ್ಸಿದ್ದೀರಾ ಅನ್ಸುತ್ತೆ, ಇದ್ರಲ್ಲಿ ಏನೂ ಇಲ್ಲ’ ಎಂದರು. ಅದೇ ಎಂದೆ. ಬೇಕಾದರೆ ಆಕಾಶಕ್ಕೆ ಸ್ವಲ್ಪ ನೀಲಿ ಹಾಕಿಕೊಡುತ್ತೇವೆ ಎಂದರು. ಬೇಡ ಎಂದೆ.

ಈಗ ಅದು ಕುಂಬಾರಕೊಪ್ಪಲಿನ ಮನೆಯ ಹಾಲಿನಲ್ಲಿದೆ, ಬಾಗಿಲಿಗೆ ಎದುರಾಗಿ. ಹೇಳಿದಂತೆ ಅಕ್ಕ ಆ ಡ್ರೈವರುಗಳನ್ನು ಕರೆಸಿ ಕಾಫಿ ಕೊಟ್ಟಳು. ಅವರಲ್ಲಿ ಒಬ್ಬರು ಲೋಟ ಹಿಡಿದುಕೊಂಡೇ ಎದ್ದು ಫೋಟೋದ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಏನೂ ಕೇಳದೆ ಬಂದು ಕೂತರು. ಉಳಿದವರೆಲ್ಲ ಕೇಳುತ್ತಾರೆ. ನೆಂಟರು, ಪಕ್ಕದ ಮನೆಯವರು, ಗ್ಯಾಸ್ ರಿಪೇರಿಗೆ ಬಂದವರು, ಎಲ್ಲರಿಗೂ ಬರೀ ಬಿಳಿ ಹಾಳೆಗೆ ಇಷ್ಟು ದೊಡ್ಡ ಕಟ್ಟು ಯಾಕೆ ಎನ್ನಿಸುತ್ತದೆ. ಇದೇನು ಎಂದು ಕೇಳಿದರೆ ಅಕ್ಕ ಮಾಡುತ್ತಿರುವ ಕೆಲಸ ನಿಲ್ಲಿಸುವುದಿಲ್ಲ.

‘ನಾನು ಬಟ್ಟೆ ಒಣಗಾಕ್ತಿರೋದು’ ಎನ್ನುತ್ತಾಳೆ.

ಕೇಳಿದವರು ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು ಹುಡುಕುತ್ತಾರೆ. ಅವಳು ಒಳಗೆ ಅಡಿಗೆಮನೆಯಲ್ಲಿದ್ದಾಗ ನಾನೂ ಒಂದೆರಡು ಸಲ ಹುಡುಕಿದ್ದೇನೆ.